ಆರದ ಬಿರುಸು

ತುಂಗಭದ್ರೆಯ ದಂಡೆಯಲ್ಲಿ, ಊರಿನಿಂದ ಕೂಗಳತೆ ದೂರದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಶಾಸ್ತ್ರ ಓದಿಸುತ್ತಿರಲಿಲ್ಲ, ಮಂತ್ರ ಹೇಳಿಕೊಡುತ್ತಿರಲಿಲ್ಲ. ಬಾಣಬಿರುಸು ಮಾಡುವುದನ್ನು ಕಲಿಸುತ್ತಿದ್ದರು.

ಗುರುಗಳ ಹೆಸರು ಕರಿಬಸವಯ್ಯ. ಊರವರಿಗೂ ಶಿಷ್ಯನಿಗೂ ಅವರು 'ಅಜ್ಜಾರು'. ಕಲಿಸುತ್ತಿದ್ದದ್ದು ಬೆಂಕಿಯ ವಿದ್ಯೆಯಾದರೂ ಅವರ ಮಾತು ಮಾತ್ರ ಬಲು ತಣ್ಣಗೆ.

ಶಿಷ್ಯ ಒಬ್ಬನೇ, ಹಂಪಣ್ಣ. ಮೀಸೆ ಬಲಿತ ಮೇಲೆ ಬಂದು ಸೇರಿದವನು. ಕೈ ಚುರುಕು, ಮನಸ್ಸು ಅದಕ್ಕಿಂತ ಚುರುಕು. ಪೆಟ್ಲುಪ್ಪು, ಗಂಧಕ, ಇದ್ದಿಲು, ಬಿರುಸಿನ ಮದ್ದಿಗೆ ಬೇಕಾದ ಈ ಮೂರರ ಹದ ಅವನ ಬೆರಳಿಗೇ ಹತ್ತಿಬಿಟ್ಟಿತ್ತು.

ಪ್ರತಿ ಕಾರ್ತಿಕದಲ್ಲಿ ಊರಿನ ಹೆಣ್ಣುಮಕ್ಕಳು ಹೊಳೆಗೆ ದೀಪ ಬಿಡುತ್ತಿದ್ದರು. ಆಮೇಲೆ ಆಶ್ರಮದ ಬಿರುಸು. ಬತ್ತಿಗೆ ಕಿಚ್ಚಿಡುವ ಕೆಲಸ ಹಂಪಣ್ಣನದು.

ಒಂದು ವರ್ಷ, ಬಿರುಸೆಲ್ಲ ಹಾರಿ ಜನ ಮನೆಗೆ ತಿರುಗಿದ ಮೇಲೆ, ಹಂಪಣ್ಣ ಸುಟ್ಟ ಬಿದಿರಿನ ಕೊಳವೆಗಳನ್ನು ಆಯುತ್ತಿದ್ದ. ಮುಖ ಸಪ್ಪಗಿತ್ತು.

"ಅಜ್ಜಾರ, ಒಂದು ಮಾತು ಕೇಳ್ಲಿರಿ?"

"ಕೇಳು."

"ಮಳೆಗಾಲ ಪೂರ್ತಿ ಅರೆದೀವಿ, ಜರಡಿ ಹಿಡಿದೀವಿ, ತುಂಬೀವಿ. ಹಾರಿದ್ದು ಕಣ್ಣು ಮಿಟುಕಿಸೋದರೊಳಗ ಬೂದಿ. ಈ ಬಿರುಸು ಯಾತಕ್ಕ ಬೇಕ್ರಿ?"

"ಊಟಾನೂ ಹಂಗ ಅಲ್ಲೇನು? ನಿನ್ನೆ ಉಂಡದ್ದು ಇವತ್ತು ಎಲ್ಲೈತಿ?"

"ಉಂಡದ್ದು ಮೈಗೆ ಹತ್ತತೈತ್ರಿ. ಬಿರುಸು ಯಾರ ಮೈಗೆ ಹತ್ತತೈತಿ?"

ಅಜ್ಜಾರು ನಕ್ಕರು.

"ಚಲೋ ಕೇಳಿದಿ. ಗೊತ್ತಾದಾಗ ನನಗೂ ಹೇಳು."

ಹಂಪಣ್ಣನ ಬೇಸರಕ್ಕೆ ಒಂದು ಕಾರಣವಿತ್ತು. ಊರಿನ ಮುದುಕಿ ಹುಲಿಗೆವ್ವ.

ಹುಲಿಗೆವ್ವನ ಕಣ್ಣಿಗೆ ಪೊರೆ ಬಂದಿತ್ತು. ದೊಡ್ಡ ಬೆಳಕಾದರೆ ಮಸುಕಾಗಿ ಕಾಣುತ್ತಿತ್ತು, ಅಷ್ಟೆ. ಆದರೂ ಬಿರುಸೆಂದರೆ ಆಕೆಗೆ ಪ್ರಾಣ. ಸೊಸೆಯ ಕೈ ಹಿಡಿದು ಬಂದು ದಂಡೆಯ ಕಲ್ಲಿನ ಮೇಲೆ ಕೂರುತ್ತಿದ್ದಳು. ಬಾಣ ಸುಯ್ಯೆಂದು ಮೇಲೆದ್ದ ಕೂಡಲೇ "ಎಲ್ಲೈತಿ? ಎಲ್ಲೈತಿ?" ಎಂದು ಕೇಳುತ್ತಿದ್ದಳು. ಯಾರಾದರೂ ತೋರಿಸುವಷ್ಟರಲ್ಲಿ ಆಕಾಶ ಕತ್ತಲಾಗಿರುತ್ತಿತ್ತು.

"ಹೋತಾ?" ಎನ್ನುತ್ತಿದ್ದಳು ಮುದುಕಿ.

"ಹೋತು ಯಮ್ಮಾ" ಎನ್ನುತ್ತಿದ್ದರು ಸುತ್ತಲಿನವರು.

ದೂರದಲ್ಲಿ ಕೊಳ್ಳಿ ಹಿಡಿದು ನಿಂತ ಹಂಪಣ್ಣನ ಕಿವಿಗೆ ಆ 'ಹೋತಾ' ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಅಜ್ಜಾರ ಮುಂದೆ ಕೈಕಟ್ಟಿ ನಿಂತ.

"ಅಜ್ಜಾರ, ಆರಲಾರದ ಬಿರುಸು ಮಾಡ್ತೀನ್ರಿ."

"ಯಾರಿಗೆ?"

"ಹುಲಿಗೆವ್ವಗ. ಆಕಿ ಕಣ್ತುಂಬ ನೋಡಬೇಕು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು."

"ಆಕಿನ್ನ ಕೇಳಿದೇನು?"

"ಕೇಳೋದೇನೈತ್ರಿ? ಆಕಿ ದುಃಖ ಕಣ್ಣಿಗೆ ಕಾಣತೈತಲ್ಲ."

"ಯಾರ ಕಣ್ಣಿಗೆ?"

ಅಜ್ಜಾರು ಬೇಡ ಎನ್ನುತ್ತಾರೆಂದು ಹಂಪಣ್ಣ ವಾದಕ್ಕೆ ಸಿದ್ಧನಾಗಿ ಬಂದಿದ್ದ. ಅಜ್ಜಾರು ಎದ್ದು ಒಳಗೆ ಹೋಗಿ, ತಮಗೆಂದು ಎತ್ತಿಟ್ಟುಕೊಂಡಿದ್ದ ಗಂಧಕದ ಗಡಿಗೆಯನ್ನು ತಂದು ಅವನ ಮುಂದಿಟ್ಟರು.

"ಇದನ್ನೂ ಹಾಕ್ಕೊ. ಆರಬಾರದು ಅಂದ್ರ ಬಾಳ ಬೇಕಾಗತೈತಿ."

ಹಂಪಣ್ಣ ಕೆಲಸಕ್ಕೆ ಬಿದ್ದ. ಹಗಲು ಅವನಿಗೆ ಸಾಲದಾಯಿತು. ಕತ್ತಲಾದ ಮೇಲೆ ಮದ್ದಿನ ಮನೆಗೆ ದೀಪ ಒಯ್ಯುವ ಹಾಗಿಲ್ಲ. ಅದಕ್ಕೇ ಸೂರ್ಯ ಮುಳುಗಿದರೆ ಅವನಿಗೆ ಸೂರ್ಯನ ಮೇಲೇ ಸಿಟ್ಟು.

ಬೇಗ ಉರಿಯುವ ಮದ್ದು ಎಲ್ಲರಿಗೂ ಗೊತ್ತು. ನಿಧಾನ ಉರಿಯುವ ಮದ್ದು ಬೇಕಿತ್ತು. ಇದ್ದಿಲು ಹೆಚ್ಚು ಮಾಡಿ ನೋಡಿದ, ಹೊಗೆ ಮಾತ್ರ ಬಂತು. ಕಡಿಮೆ ಮಾಡಿ ನೋಡಿದ, ಗಡಿಗೆಯೇ ಸಿಡಿಯಿತು.

ಒಂದು ಸಂಜೆ ಮುಖ ಮುಚ್ಚಿಕೊಂಡು ಅಜ್ಜಾರ ಬಳಿಗೆ ಓಡಿಬಂದ.

"ಅಜ್ಜಾರ, ಹುಬ್ಬು ಹೋದ್ವು!"

ಅಜ್ಜಾರು ಅವನ ಗದ್ದ ಎತ್ತಿ ನೋಡಿದರು. ಲೋಳೆಸರ ಸೀಳಿ ಹಚ್ಚಿದರು.

"ಕಣ್ಣು ಅದಾವಲ್ಲ. ಹುಬ್ಬು ಬರ್ತಾವು ಬಿಡು."

"ಬಿಡು ಅಂದ್ರ? ಬಿರುಸು ಮಾಡೋದು ಬಿಡ್ಲೇನ್ರಿ?"

"ಹುಬ್ಬಿನ ಚಿಂತಿ ಬಿಡು ಅಂದೆ."

ಹುಬ್ಬು ಮತ್ತೆ ಬಂದವು. ಮಳೆಗಾಲ ಬಂತು, ಹೋಯಿತು. ಮುಂದಿನ ಕಾರ್ತಿಕದ ಹೊತ್ತಿಗೆ ಹಂಪಣ್ಣನ ಬಿರುಸು ಸಿದ್ಧವಾಯಿತು.

ತೇರಿನಷ್ಟು ಎತ್ತರದ ಬಿದಿರಿನ ಕಂಬ. ಬುಡದಿಂದ ತುದಿಯ ತನಕ ಮಣ್ಣಿನ ಕುಡಿಕೆಗಳು. ಪ್ರತಿ ಕುಡಿಕೆಯಲ್ಲೂ ಮದ್ದು, ಮದ್ದಿನಲ್ಲಿ ಕಬ್ಬಿಣದ ಪುಡಿ. ಒಂದು ಆರುವ ಮೊದಲೇ ಅದರ ಬತ್ತಿ ಇನ್ನೊಂದಕ್ಕೆ ಕಿಚ್ಚು ದಾಟಿಸಬೇಕು. ಅದು ಮತ್ತೊಂದಕ್ಕೆ. ಅಂಥ ಲೆಕ್ಕಾಚಾರ ಆ ಸೀಮೆಯಲ್ಲಿ ಯಾರೂ ಮಾಡಿರಲಿಲ್ಲ.

ಸುದ್ದಿ ಕೇಳಿ ಅಕ್ಕಪಕ್ಕದ ಊರುಗಳಿಂದಲೂ ಜನ ಬಂದರು. ಹೆಣ್ಣುಮಕ್ಕಳು ಹೊಳೆಗೆ ದೀಪ ಬಿಟ್ಟರು. ಹುಲಿಗೆವ್ವ ಎಂದಿನಂತೆ ಬಂದು ಕಲ್ಲಿನ ಮೇಲೆ ಕೂತಳು.

ಹಂಪಣ್ಣ ಕಿಚ್ಚಿಟ್ಟ.

ಕಂಬದ ಬುಡದಲ್ಲಿ ಬೆಳಕಿನ ಬುಗ್ಗೆ ಎದ್ದಿತು. ಅದು ಮೇಲೇರಿತು. ಮೇಲಿಂದ ಚಿನ್ನದ ಮಳೆ ಸುರಿಯಿತು. ದಂಡೆ ಬೆಳಗಿತು, ನೀರು ಬೆಳಗಿತು, ಆಚೆ ದಡದ ಮರದ ಎಲೆ ಎಲೆಯೂ ಕಂಡಿತು.

ಜನ ಉಸಿರು ಬಿಗಿಹಿಡಿದರು. ಕೆಲವರು ಕೈ ಮುಗಿದರು.

ಬೆಳಕು ಆರಲಿಲ್ಲ.

"ಭೇಷ್!" ಅಂದ ಯಾರೋ.

ಆಗಲೂ ಆರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕತ್ತು ನೋಯಿತೆಂದು ಒಬ್ಬ ಕೂತ. ಅವನನ್ನು ನೋಡಿ ಇನ್ನೊಬ್ಬ ಕೂತ. ಕೂತವರು ಎಲೆ ಅಡಿಕೆಯ ಚೀಲ ಬಿಚ್ಚಿದರು. ಹೆಂಗಸರು ಯಾರದೋ ಮನೆಯ ಸೀಮಂತದ ಮಾತು ತೆಗೆದರು. ಒಬ್ಬ ರೈತ ಅದೇ ಬೆಳಕಿನಲ್ಲಿ ಕಾಲಿನ ಮುಳ್ಳು ತೆಗೆದುಕೊಂಡ. ಮತ್ತೊಬ್ಬ ಬಿರುಸಿಗೆ ಬೆನ್ನು ಹಾಕಿ ಶೇಂಗಾ ಸುಲಿಯತೊಡಗಿದ. ನಾಯಿಗಳು ಸುತ್ತು ಹೊಡೆದು ಮಲಗಿದವು.

"ಇದು ಯಾವಾಗ ಮುಗೀತೈತಿ?" ಎಂದು ಯಾರೋ ಮೆಲ್ಲಗೆ ಕೇಳಿದರು.

"ಇದು ಮುಗಿಯೋದಿಲ್ಲಂತ."

"ಮುಗಿಯೋದಿಲ್ಲ? ಮತ್ತ ಮನೀಗೆ ಹೋಗೋದು ಹೆಂಗ?"

ಎದ್ದು ಹೋದರೆ ಅಜ್ಜಾರಿಗೆ ಅಪಮಾನ, ಕೂತರೆ ಹೊಟ್ಟೆ ಕೇಳದು. ಮೊದಲು ಹಿಂದಿನ ಸಾಲಿನವರು ತಲೆ ತಗ್ಗಿಸಿಕೊಂಡು ಸರಿದರು. ಆಮೇಲೆ ನಡುವಿನವರು. ಕೊನೆಗೆ ಮುಂದಿನವರೂ ಕೈ ಮುಗಿದು ನಡೆದರು. ಹುಲಿಗೆವ್ವನ ಸೊಸೆ, "ಅತ್ತೀ, ನೀವು ನೋಡ್ತಿರ್ರಿ, ನಾ ಒಲಿ ಹಚ್ಚಿ ಬರ್ತೀನಿ" ಎಂದು ಹೇಳಿ ಹೋದಳು.

ದಂಡೆಯ ಮೇಲೆ ಉಳಿದವಳು ಮುದುಕಿ ಒಬ್ಬಳೇ.

ಹಂಪಣ್ಣನಿಗೆ ಬೇರೆಯವರು ಹೋದದ್ದಕ್ಕೆ ನೋವಾಯಿತು. ಆದರೂ ಮುದುಕಿ ಇದ್ದಳಲ್ಲ! ಅವಳಿಗಾಗಿಯೇ ಮಾಡಿದ್ದು. ಓಡಿಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಯಮ್ಮಾ, ಕಂಡ್ತಾ?"

"ಕಂಡ್ತಪ್ಪ. ಚಲೋ ಕಂಡ್ತು. ಬಂಗಾರದ ಗಿಡ ನಿಂತಂಗ ಐತಿ."

ಹಂಪಣ್ಣನ ಎದೆ ತುಂಬಿತು. ಮುಂದಿನ ಮಾತಿಗೆ ಕಾದ.

"ಮತ್ತ?"

"ಮತ್ತೇನಿಲ್ಲಪ್ಪ. ಸೊಸಿ ಬರೋದು ತಡ ಆಗತೈತಿ. ನನ್ನ ಮನಿ ಮುಟ್ಟಸ್ತೀಯೇನು?"

ಅವನು ಅವಳ ಕೈ ಹಿಡಿದು ನಡೆಸಿಕೊಂಡು ಹೊರಟ. ಹಿಂದೆ ಬಿರುಸು ಉರಿಯುತ್ತಿತ್ತು. ಇಬ್ಬರ ನೆರಳೂ ಮುಂದೆ ಉದ್ದಕ್ಕೆ ಬಿದ್ದಿತ್ತು.

"ಯಮ್ಮಾ, ಖರೇ ಹೇಳು. ಹಳೇ ಬಿರುಸು ಚಲೋ ಇತ್ತೋ, ಇದು ಚಲೋ ಐತೋ?"

"ಇದು ಚಲೋ ಐತಪ್ಪ. ಹಳೇ ಬಿರುಸು ನಾ ಕಂಡಾಕಿನಾ ಅಲ್ಲ."

"ಮತ್ಯಾಕ ಸಪ್ಪಗದೀ?"

ಮುದುಕಿ ಹಾದಿಯನ್ನು ಕಾಲಲ್ಲಿ ತಡವುತ್ತ ಹೇಳಿದಳು.

"ಹಳೇ ಬಿರುಸಿನಾಗ ಏನಾಗ್ತಿತ್ತು ಅಂದ್ರ, ನಾನು ಎಲ್ಲೈತಿ ಅಂದಕೂಡ್ಲೆ ಮಂದಿ ಗಡಬಡಿಸ್ತಿದ್ರು. ಒಬ್ಬಾಕಿ ಗದ್ದ ಹಿಡಿದು ಈ ಕಡೆ ತಿರುವೋದು, ಇನ್ನೊಬ್ಬಾಕಿ ತಲಿ ಹಿಡಿದು ಆ ಕಡೆ ತಿರುವೋದು. ಮಾತು ಬಿಟ್ಟಾಕೀನೂ ಓಡಿ ಬಂದು ಬಗಲಾಗ ಕೈ ಹಾಕಿ ಎಬ್ಬಸ್ತಿದ್ಲು. ಅಷ್ಟರಾಗ ಅದು ಹೋಗಿರ್ತಿತ್ತು. ಎಲ್ಲಾರೂ ಬಿದ್ದು ಬಿದ್ದು ನಗೋದು. ನಾನೂ ನಗೋದು."

ಹಂಪಣ್ಣ ಅವಳನ್ನು ಹಾದಿಯ ಕಲ್ಲು ತಪ್ಪಿಸಿ ನಡೆಸಿದ.

"ಈ ಸಲ ನಾನು ಎಲ್ಲೈತಿ ಅಂದೆ. 'ಐತಲ್ಲ ಯಮ್ಮಾ, ಮುಂದ ಐತಿ, ನೋಡು' ಅಂದ್ರು. ನೋಡಿದೆ. ಯಾರೂ ತಿರುವಲಿಲ್ಲಪ್ಪ ನನ್ನ."

ಮನೆ ಬಂತು. ಸೊಸೆ ಹೊರಗೆ ಬಂದು ಅತ್ತೆಯ ಕೈ ಹಿಡಿದಳು. ಹಂಪಣ್ಣ ರೊಟ್ಟಿ ತಿಂದು ಹೋಗೆಂಬ ಮಾತೂ ಕೇಳಿಸದವನ ಹಾಗೆ ತಿರುಗಿ ನಡೆದ.

ದಂಡೆಯಲ್ಲಿ ಬಿರುಸು ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಅಜ್ಜಾರು ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿ ಬೇಳೆ ಹರಡಿಕೊಂಡು ಕಲ್ಲು ಹೆಕ್ಕುತ್ತಿದ್ದರು.

"ಬಾ ತಮ್ಮಾ. ಬೆಳಕು ಭಾರೀ ಚಲೋ ಐತಿ. ಸಣ್ಣ ಹಳ್ಳೂ ಕಾಣತಾವು."

ಹಂಪಣ್ಣನಿಗೆ ಅಳು ಬಂತು. ಅದು ಹೊರಬೀಳುವ ಮೊದಲೇ ನಗುವೂ ಬಂತು.

"ಅಜ್ಜಾರ, ನೀವು ಮಾಡೋದೇನ್ರಿ ಇದು?"

"ಬ್ಯಾಳಿ ಆರಿಸಾಕತ್ತೀನಿ."

"ನಾನೇನು ಮಾಡ್ಲಿ?"

"ನೀನು ಬಿರುಸು ಆರಿಸು."

ಹಂಪಣ್ಣ ಹೊಳೆಗಿಳಿದು ಕೊಡ ತುಂಬಿ ತಂದ. ಕೆಳಗಿನ ಕುಡಿಕೆಗಳಿಗೆ ಮರಳು ಸುರಿದ, ಮೇಲಿನವಕ್ಕೆ ನೀರು ಎರಚಿದ. ಹಚ್ಚುವುದಕ್ಕೆ ಒಂದು ಕಿಡಿ ಸಾಕಾಗಿತ್ತು. ಆರಿಸುವುದಕ್ಕೆ ಕೊಡದ ಮೇಲೆ ಕೊಡ ಬೇಕಾಯಿತು. ಬೆವರು ಹರಿದು, ಹೊಗೆ ಕುಡಿದು, ಕಡೆಯ ಕುಡಿಕೆ ಚುಯ್ಯೆಂದಾಗ ಅವನು ಮರಳ ಮೇಲೆ ಹಾಗೇ ಕುಸಿದ.

ಕತ್ತಲಾಯಿತು.

ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ನೀರಿನ ಮೇಲೆ ಏನೋ ಕಂಡಿತು. ಹೆಣ್ಣುಮಕ್ಕಳು ಸಂಜೆ ಬಿಟ್ಟ ದೀಪಗಳು. ಒಂದಷ್ಟು ಸುಳಿಗೆ ಸಿಕ್ಕಿ ಅಲ್ಲಲ್ಲೇ ತಿರುಗುತ್ತಿದ್ದವು. ಅಷ್ಟು ಹೊತ್ತೂ ಅವು ಅಲ್ಲೇ ಇದ್ದವು. ಯಾರಿಗೂ ಕಂಡಿರಲಿಲ್ಲ.

ಇಬ್ಬರೂ ಬಹಳ ಹೊತ್ತು ಅವನ್ನು ನೋಡುತ್ತ ಕೂತರು.

"ಅಜ್ಜಾರ, ಹಿಂಗಾಗತೈತಿ ಅಂತ ನಿಮಗ ಮೊದಲ ಗೊತ್ತಿತ್ತು."

"ಅಷ್ಟಿಷ್ಟು."

"ಮತ್ತ ಬ್ಯಾಡ ಅನ್ನಬೇಕಿಲ್ಲೇನ್ರಿ? ನಿಮ್ಮ ಗಂಧಕಾನೂ ಕೊಟ್ರಿ."

"ಬ್ಯಾಡ ಅಂದಿದ್ರ ಅದು ನಿನ್ನ ತಲಿಯೊಳಗ ಉರೀತಿತ್ತು, ಹಂಪಣ್ಣ. ಅದನ್ನ ಆರಿಸಾಕ ಯಾವ ಹೊಳಿ ನೀರು ತರ್ತಿದ್ದಿ?"

ಹಂಪಣ್ಣನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಕಳೆದು ಊರ ಗೌಡ ಬಂದ.

"ಬಿರುಸು ಭಾರೀ ಆತ್ರಿ ಅಜ್ಜಾರ. ಹಿಂದ ಯಾರೂ ಕಂಡಿದ್ದಿಲ್ಲ. ಮುಂದಿನ ಸಲ... ಸ್ವಲ್ಪ ಲಗೂನ ಮುಗಿಯೋದು ನೋಡ್ರಿ."

ಗೌಡನಾದರೂ ಮರ್ಯಾದೆಯಿಂದ ಹೇಳಿದ. ಊರ ಪಡ್ಡೆಗಳಿಗೆ ಆ ಮರ್ಯಾದೆ ಎಲ್ಲಿ? ಮಾತು ಉದ್ದ ಎಳೆಯುವವರಿಗೆಲ್ಲ 'ಹಂಪಣ್ಣನ ಬಿರುಸು' ಎಂದು ಹೆಸರು ಬಿತ್ತು. ಪುರಾಣ ಹೇಳುವ ಶಾಸ್ತ್ರಿಗಳು ಬಂದರೂ ಅದೇ ಹೆಸರು, ಬಿಡದೆ ಅಳುವ ಕೂಸಿಗೂ ಅದೇ ಹೆಸರು.

ಹಂಪಣ್ಣ ಮದ್ದಿನ ಮನೆಯ ಬಾಗಿಲು ಹಾಕಿದ. ಹಿತ್ತಲಲ್ಲಿ ಮಡಿ ಮಾಡಿ ಬದನೆ ಸಸಿ ಹಚ್ಚಿದ. ಅಜ್ಜಾರು ಒಂದು ಮಾತೂ ಕೇಳಲಿಲ್ಲ. ಬದನೆಕಾಯಿ ಬಿಟ್ಟಾಗ ಎಣ್ಣೆಗಾಯಿ ಮಾಡಿಸಿಕೊಂಡು ಎರಡು ರೊಟ್ಟಿ ಹೆಚ್ಚು ತಿಂದರು.

"ಅಜ್ಜಾರ, ನಾನು ಇನ್ನ ಬಿರುಸು ಮಾಡೋದಿಲ್ರಿ."

"ಬದನಿಕಾಯಿ ಚಲೋ ಆಗ್ಯಾವು" ಅಂದರು ಅಜ್ಜಾರು.

ಬೇಸಿಗೆಯಲ್ಲಿ ಹೊಳೆಯಾಚೆಯ ಊರಿನಿಂದ ಇಬ್ಬರು ಹಿರಿಯರು ಹರಿಗೋಲು ಹತ್ತಿ ಬಂದರು. ಬಟ್ಟೆಯ ತುಂಬ ಕೆಂಪು ಮಣ್ಣು, ಮುಖದ ತುಂಬ ಹಿಗ್ಗು.

"ಅಜ್ಜಾರ, ದಿಬ್ಬದ ಮ್ಯಾಲೆ ಬಾವಿ ತೋಡಿದ್ವಿ. ಬಂಡೆಗಲ್ಲು ಅಡ್ಡ ಬಂದು ಕೈ ಬಿಡಬೇಕು ಅಂತಿದ್ವಿ. ನಿನ್ನೆ ಸೆಲಿ ಒಡೀತು. ಎಳನೀರಿನಂಥಾ ನೀರು!"

"ಶಿವನ ದಯಾ. ನನ್ನಿಂದ ಏನಾಗಬೇಕು?"

"ಬಿರುಸು ಬೇಕ್ರಿ. ದಿಬ್ಬದ ಮ್ಯಾಲಿಂದ ಹಾರಿಸಿದ್ರ ಸುತ್ತಲ ಹಳ್ಳಿಗೆಲ್ಲ ಕಾಣತೈತಿ. ನೀರೈತಿ, ಕೊಡ ತಗೊಂಡು ಬರ್ರಿ ಅಂತ ಮನಿಮನಿಗೆ ಹೋಗಿ ಹೇಳಾಕ ಆಗತೈತೇನ್ರಿ?"

ಬದನೆ ಮಡಿಯಲ್ಲಿ ನಿಂತಿದ್ದ ಹಂಪಣ್ಣನಿಗೆ ಆ ಮಾತು ಕೇಳಿಸಿತು. ಬಿರುಸಿಗೆ ಇಂಥದೊಂದು ಕೆಲಸವಿದೆಯೆಂದು ಅವನು ಯೋಚಿಸಿಯೇ ಇರಲಿಲ್ಲ. ಕೈಯ ಮಣ್ಣು ಒರೆಸಿಕೊಂಡು ಒಳಗೆ ಬಂದ.

"ಎಷ್ಟು ಹಳ್ಳಿಗೆ ಕಾಣಬೇಕ್ರಿ?" ಎಂದು ಕೇಳಿದ.

ಆ ರಾತ್ರಿ ಅವನಿಗೆ ಎಷ್ಟೋ ತಿಂಗಳ ಮೇಲೆ ಗಾಢ ನಿದ್ದೆ ಬಂತು. ಬೆಳಗಾದ ಕೂಡಲೇ ಮದ್ದಿನ ಮನೆಯ ಬಾಗಿಲು ತೆಗೆದ. ಈ ಸಲ ಹೊಸ ಲೆಕ್ಕವಿಲ್ಲ, ಹಟವಿಲ್ಲ. ಹಳೆಯ ಬಾಣಗಳೇ. ಗಟ್ಟಿಯಾಗಿ, ಚೊಕ್ಕವಾಗಿ ತುಂಬಿದ. ತುಂಬುವಾಗ ಶಿಳ್ಳೆ ಹಾಕಿದ. ಅಜ್ಜಾರು ಅದನ್ನು ಕೇಳಿಯೂ ಕೇಳದ ಹಾಗಿದ್ದರು.

ಗೊತ್ತು ಮಾಡಿದ ದಿನ ಇಬ್ಬರೂ ಹೊಳೆ ದಾಟಿದರು. ದಿಬ್ಬದ ಮೇಲೆ ಬಾಣಗಳನ್ನು ಸಾಲಾಗಿ ನೆಟ್ಟರು. ಹೊತ್ತು ಮುಳುಗಿತು. ಬಾವಿಯ ಸುತ್ತ ಜನ ನೆರೆದರು. ಹಂಪಣ್ಣ ಕೋಲಿನ ತುದಿಗೆ ಕೊಳ್ಳಿ ಕಟ್ಟಿ ಎತ್ತಿಕೊಂಡ.

ಅಜ್ಜಾರು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡರು.

"ಇವತ್ತು ಕಿಚ್ಚು ನಾ ಇಡ್ತೀನಿ. ನೀನು ಕೆಳಗ ಹೋಗಿ ಮಂದ್ಯಾಗ ನಿಲ್ಲು."

"ಅಜ್ಜಾರ, ನಿಮ್ಮ ವಯಸ್ಸಿಗೆ ಓಡೋದು..."

"ಬೆಂಕಿ ಮುಂದ ವಯಸ್ಸಾದವರೂ ಓಡ್ತಾರ. ಹೋಗು. ಇಷ್ಟು ವರ್ಷ ಬಿರುಸು ಮಾಡಿದಿ, ಒಮ್ಮೆಯಾದ್ರೂ ನೋಡೀಯೇನು?"

ಹಂಪಣ್ಣ ಯೋಚಿಸಿದ. ನಿಜ. ಕಿಚ್ಚಿಡುವವನು ನೋಡುವುದು ಬತ್ತಿಯನ್ನು. ಬತ್ತಿ ಹತ್ತಿದ ಕೂಡಲೇ ಬೆನ್ನು ತಿರುಗಿಸಿ ಓಡಬೇಕು. ತಿರುಗಿ ನೋಡುವ ಹೊತ್ತಿಗೆ ಮುಂದಿನ ಬಾಣ ಕಾದಿರುತ್ತದೆ.

ಅವನು ಇಳಿದು ಹೋಗಿ ಗುಂಪಿನಲ್ಲಿ ನಿಂತ. ಎಲ್ಲ ಗುರುತಿಲ್ಲದ ಮುಖಗಳು. ಪಕ್ಕದಲ್ಲಿ ಒಬ್ಬ ದಡೂತಿ ಆಳು, ತಲೆಗೆ ಒದ್ದೆ ಟವೆಲು ಸುತ್ತಿಕೊಂಡವನು. ಬಾವಿ ತೋಡಿದವರಲ್ಲಿ ಒಬ್ಬನಿರಬೇಕು.

ಮೊದಲ ಬಾಣ ಹಾರಿತು. ಹಂಪಣ್ಣನ ಕಣ್ಣು ಅದರ ಕುಂದನ್ನೇ ಹುಡುಕಿತು. ತುಸು ವಾಲಿತು, ಕಡ್ಡಿ ಉದ್ದವಾಯಿತು ಎಂದುಕೊಂಡ.

ಎರಡನೆಯದು ನೆಟ್ಟಗೆ ಹೋಯಿತು. ಆದರೆ ಸಿಡಿಯುವುದು ಒಂದು ಗಳಿಗೆ ತಡವಾಯಿತು. ಮದ್ದಿಗೆ ತೇವ ಹಿಡಿದಿತ್ತೇ ಎಂದು ತಲೆ ಕೆರೆದುಕೊಂಡ.

ಆಮೇಲೆ ಸ್ವಲ್ಪ ಹೊತ್ತು ಏನೂ ಹಾರಲಿಲ್ಲ. ಅಜ್ಜಾರ ಕಾಲು ನಿಧಾನ. ಜನ ಕಾದರು. ಮಾತು ನಿಂತಿತು. ಬಾವಿಯೊಳಗೆ ಸೆಲೆ ಒಸರುವ ಸದ್ದು ಕೇಳಿಸಿತು.

ಸುಯ್!

ಕತ್ತಲು ಬಾಯಿಬಿಟ್ಟಿತು. ಎಲ್ಲರ ಬಾಯಿಂದ ಒಂದೇ ಉದ್ಗಾರ ಹೊರಟಿತು. ಸಾವಿರ ತಲೆಗಳು ಹಿಂದಕ್ಕೆ ಬಾಗಿದವು. ಅದು ಹರಡಿತು, ತೂಗಿತು, ಇಳಿಯತೊಡಗಿತು. ಹಂಪಣ್ಣ ಬಾಯ್ತೆರೆದು ಏನೋ ಕೂಗುತ್ತಿದ್ದ. ಪಕ್ಕದ ದಡೂತಿಯೂ ಕೂಗುತ್ತಿದ್ದ.

ಬೆಳಕು ಹೋದ ಮೇಲೆ ಹಂಪಣ್ಣನಿಗೆ ಎಚ್ಚರವಾಯಿತು. ಅವನ ಕೈ ಆ ಗುರುತಿಲ್ಲದವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿತ್ತು. ಆ ಮನುಷ್ಯನ ಕೈ ಹಂಪಣ್ಣನ ಹೆಗಲ ಮೇಲಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು.

"ಯಾವೂರು ತಮ್ಮಾ?" ಅಂದ ಆ ಮನುಷ್ಯ.

"ಹೊಳಿ ಆಚೆ."

"ನೀರು ಕುಡಿದೇನು? ಬಾ, ಕುಡಿದು ಹೋಗು."

ಅವನೇ ಹಗ್ಗ ಬಿಟ್ಟು ನೀರು ಸೇದಿದ. ಹಂಪಣ್ಣ ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದ. ಅಷ್ಟರಲ್ಲಿ ಅಜ್ಜಾರ ಉಳಿದ ಬಾಣಗಳೂ ಹಾರಿ ಮುಗಿದವು. ದೂರದ ಹಾದಿಗಳಲ್ಲಿ ಲಾಟೀನುಗಳು ಅಲುಗಾಡುತ್ತ ಬರುವುದು ಕಾಣಿಸಿತು. ಹಳ್ಳಿಗಳಿಗೆ ಸುದ್ದಿ ಮುಟ್ಟಿತ್ತು.

ಅವನು ದಿಬ್ಬ ಹತ್ತಿ ಬಂದ. ಅಜ್ಜಾರು ಕೊಳ್ಳಿಯನ್ನು ಮಣ್ಣಿಗೆ ಒತ್ತಿ ಆರಿಸಿ, ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಗಡ್ಡದ ತುದಿ ಸೀದಿತ್ತು. ಮುಖವೆಲ್ಲ ಮಸಿ. ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಬಾರಪ್ಪಾ. ಬತ್ತಿ ಬಿಟ್ಟು ನನಗೇನೂ ಕಾಣಲಿಲ್ಲ. ಆ ಮೂರನೇದು ಹೆಂಗಿತ್ತು ಹೇಳು. ಬಣ್ಣ ಕೆಂಪಿಗೆ ಹೋತೋ, ಹಳದಿಗೆ ನಿಂತೋ?"

ಹಂಪಣ್ಣ ಕಣ್ಣು ಮುಚ್ಚಿ ನೆನಪಿಸಿಕೊಂಡ. ಎಷ್ಟು ತಡಕಾಡಿದರೂ ಬಣ್ಣ ಸಿಗಲಿಲ್ಲ.

"ನೆನಪಾಗವಲ್ದು ಅಜ್ಜಾರ."

"ಮತ್ತ ಏನು ನೆನಪೈತಿ?"

"ಬಗಲಾಗ ಒಬ್ಬ ನಿಂತಿದ್ದ. ಅವನ ಮುಖ ನೆನಪೈತ್ರಿ."

ಅಜ್ಜಾರು ಗಡ್ಡದ ಸೀದ ತುದಿಯನ್ನು ಬೆರಳಿನಿಂದ ಉದುರಿಸಿಕೊಂಡು ಎದ್ದರು.

"ಹಂಗಾದ್ರ ಬಿರುಸು ಚಲೋನ ಹಾರೇತಿ ಬಿಡು."